ಬಸವಣ್ಣೆಪ್ಪನವರ ಬೆಳ್ಳಿಯ ಗಣಿ

"ನಿನ್ನ ಬುಗಡಿ ಪಾತಾಳದಾಗ ಇದ್ರೂ ತಂದು ನಿನ್ನ ಕಿವಿಗಿ ಇಡ್ತೀನಿ! ತರ್ಲಿಲ್ಲಂದ್ರ ಸ್ವಪ್ನಾಲಿ ಸಾಖರಪುಡಾದಾಗ ನಾ ಬಾಯೇ ಬಿಚ್ಚಂಗಿಲ್ಲ!"

ಮಹಾರಾಷ್ಟ್ರದ ಗಡಿಯ ಮುರುಮ ಊರಿನ ಕಾಳಿನ ವ್ಯಾಪಾರಿ ಬಸವಣ್ಣೆಪ್ಪನವರು ಹೀಗೆ ಗುಡುಗಿದಾಗ, ಅವರ ಹೆಂಡತಿ ಸುಮಂಗಲಾಬಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಒಂದು ಕ್ಷಣ ನಿಜವಾಗಿಯೂ ಯೋಚಿಸಿದರು.

"ಹಂಗಾದ್ರ ಹುಡುಕೂದೇ ಬ್ಯಾಡ ಬಿಡ್ರಿ."

ಆಸೆ ಹುಟ್ಟಿಸುವ ಶಪಥವೇ ಅದು! ಸಾಖರಪುಡಾ ಎಂದರೆ ಹುಡುಗಿಗೆ ಸಕ್ಕರೆ ಪೊಟ್ಟಣ ಕೊಟ್ಟು ಮದುವೆ ಗಟ್ಟಿ ಮಾಡುವ ಶಾಸ್ತ್ರ. ಯಾರ ಮನೆಯದೇ ಇರಲಿ, ಪೊಟ್ಟಣ ಕೈ ಬದಲಾಗುವ ಮುಂಚೆಯೇ ಬಸವಣ್ಣೆಪ್ಪನವರು ಭಾಷಣಕ್ಕೆ ಎದ್ದು ನಿಲ್ಲುತ್ತಿದ್ದರು. ಅವರು ಕೂರುವ ಹೊತ್ತಿಗೆ ಸಾರು ಆರಿ, ಅನ್ನ ಗಟ್ಟಿಯಾಗಿ, ಬೀಗರು ತೂಕಡಿಸುತ್ತಿದ್ದರು. ಅಂಥವರು ತಮ್ಮ ನಾಲಗೆಯನ್ನೇ ಪಣಕ್ಕಿಟ್ಟಿದ್ದರು!

ಆದರೆ ಸುಮಂಗಲಾಬಾಯಿಗೆ ಬುಗಡಿ ಬೇಕೇ ಬೇಕಾಗಿತ್ತು. ಅದು ತೀರಿಹೋದ ಅವ್ವನ ಕಿವಿಯದು. ಸ್ವಪ್ನಾಲಿ ಅವರ ಅಣ್ಣನ ಮಗಳು. ನಿಲಂಗಾದ ತವರಿಗೆ ಕಾಲಿಟ್ಟೊಡನೆ ಅಣ್ಣನ ಕಣ್ಣು ಮೊದಲು ಹೋಗುವುದೇ ತಂಗಿಯ ಕಿವಿಗೆ. ಒಂದರಲ್ಲಿ ಬುಗಡಿ, ಇನ್ನೊಂದು ಬೋಳು ಎಂದರೆ ಏನು ಹೇಳುವುದು? ನವರಾತ್ರಿ ಬಂತೆಂದು ಮನೆಯ ಕೌದಿಗಳನ್ನೆಲ್ಲ ಕೆರೆಗೆ ಒಯ್ದು ಒಗೆದು, ದಂಡೆಯ ಮೇಲೆ ಒಣಹಾಕಿ, ಸಂಜೆ ಕೊಡವಿ ಮಡಿಚುವಾಗ ಒಂದು ಬುಗಡಿ ಎಲ್ಲೋ ಕಳಚಿ ಬಿದ್ದಿತ್ತು.

ಮೊಬೈಲಿನಲ್ಲಿ ನೋಡಿ ತರಿಸಿದ ಲೋಹ ಹುಡುಕುವ ಯಂತ್ರ ಪಾರ್ಸಲಿನಲ್ಲಿ ಬಂತು. ಒಂದು ಕೋಲು, ಕೋಲಿನ ತುದಿಗೆ ತಟ್ಟೆ, ಹಿಡಿಕೆಯ ಬಳಿ ತಿರುವುವ ಎರಡು ಬಟನ್. ಬಸವಣ್ಣೆಪ್ಪನವರು ಅದನ್ನು ಗದೆಯಂತೆ ಹೆಗಲಿಗೇರಿಸಿ ಕನ್ನಡಿಯೆದುರು ಎರಡು ಸಲ ತಿರುಗಿದರು. ಮರುದಿನ ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿದರು. ಅಜ್ಜನ ಕಾಲದ, ಮಾವಿನಕಾಯಿಯಷ್ಟು ದಪ್ಪನೆಯ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಂಡು ಅಂಗಿಯೊಳಗೆ ಬಿಟ್ಟರು. ನಂತರ ದಂಡಯಾತ್ರೆ ಹೊರಟಿತು. ಜೊತೆಗೆ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ನಾಗನಾಥ, ಅವನ ಕೈಯಲ್ಲೊಂದು ಸಲಿಕೆ.

ದಂಡೆಗೆ ತಟ್ಟೆ ತಾಗಿಸಿದ್ದೇ ತಡ, ಯಂತ್ರ ಗೊಳೋ ಎಂದಿತು! ಸುಮಂಗಲಾಬಾಯಿ ಕೌದಿ ಕೊಡವಿದ್ದ ಜಾಗದಲ್ಲೇ ಬಸವಣ್ಣೆಪ್ಪನವರು ಮೊದಲ ಗುಂಡಿ ತೋಡಿ ಮಣ್ಣನ್ನು ಹಿಂದಕ್ಕೆ ಎಸೆದರು. ಸಿಕ್ಕಿದ್ದು ಮೊಳೆ. ಎರಡನೆಯದರಲ್ಲಿ ಮೊಳೆ, ಮೂರನೆಯದರಲ್ಲಿ ಬೋಲ್ಟು. ತೊಂಬತ್ತಮೂರರಲ್ಲಿ ಭೂಕಂಪವಾದಾಗ ಮನೆ ಬಿರುಕು ಬಿಟ್ಟವರೆಲ್ಲ ಇದೇ ದಂಡೆಯಲ್ಲಿ ಪತ್ರಾದ, ಅಂದರೆ ತಗಡಿನ, ಶೆಡ್ಡು ಹಾಕಿಕೊಂಡಿದ್ದರು. ಹೊಸ ಮನೆಗಳಿಗೆ ಹೋಗುವಾಗ ಪತ್ರಾ ಒಯ್ದರು, ಮೊಳೆ ಬಿಟ್ಟರು.

"ಮಾಮಾ, ಈ ಬಟನ್ ತಿರುವ್ರಿ," ಎಂದ ನಾಗನಾಥ. "ಕಬ್ಬಿಣ ಕಂಡ್ರ ಸುಮ್ನಿರ್ತದ. ಬೆಳ್ಳಿ-ಬಂಗಾರ ಕಂಡ್ರ ಮಾತ್ರ ಒದರ್ತದ."

"ನನಗ ಗೊತ್ತಿಲ್ಲೇನೋ! ನಿನ್ನ ಪರೀಕ್ಷಾ ಮಾಡ್ಲತ್ತಿದ್ದೆ!"

ಬಟನ್ ತಿರುಗಿತು. ಬಸವಣ್ಣೆಪ್ಪನವರು ನಡು ಬಗ್ಗಿಸಿದರು. ಪೂರಾ ಬಗ್ಗಿಸಲೇಬೇಕಿತ್ತು, ಏಕೆಂದರೆ ಕೋಲನ್ನು ಎಳೆದು ಉದ್ದ ಮಾಡಬಹುದು ಎಂಬ ಸಂಗತಿ ಅವರಿಗೂ ನಾಗನಾಥನಿಗೂ ತಿಳಿದಿರಲಿಲ್ಲ. ತಟ್ಟೆಯ ಮೇಲೆ ಕವುಚಿಕೊಂಡು ಕಿವಿಗೊಟ್ಟರು.

ಟೀಂ!

"ಬೆಳ್ಳಿ!" ಎಂದು ಚೀರಿದರು. ಒಂದು ಹೆಜ್ಜೆ ಸರಿದು ಬಗ್ಗಿದರು. ಟೀಂ! ಇನ್ನೊಂದು ಹೆಜ್ಜೆ. ಟೀಂ! ಎಡಕ್ಕೆ ಟೀಂ, ಬಲಕ್ಕೆ ಟೀಂ, ನೀರಿನಂಚಿಗೆ ಹೋದರೂ ಟೀಂ!

"ನಾಗನಾಥಾ, ತೋಡು! ಬುಗಡಿ ಅತ್ಲಾಗಿರ್ಲಿ, ಇಡೀ ದಂಡಿ ತುಂಬ ಬೆಳ್ಳಿ ಹಾಸ್ಯಾದ!"

ನಾಗನಾಥ ತೋಡಿದ. ಬರೀ ಮಣ್ಣು. ಇನ್ನಷ್ಟು ತೋಡಿದ. ಒದ್ದೆ ಮಣ್ಣು.

"ಮಾಮಾ, ಏನೂ ಇಲ್ಲಲ್ರಿ?"

"ಭೂಕಂಪ ಆಗಿದ್ದು ಮರ್ತೇನು? ನಿಜಾಮನ ಕಾಲದ ಬೆಳ್ಳಿ ಎಲ್ಲಾ ಜೋಲಿ ಹೊಡದು ಕೆಳಗ ಜಾರ್ಯಾದ. ಇನ್ನೂ ಆಳಕ್ಕ ಹೋಗು!"

ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಂಡೆ ಬಿಟ್ಟು ಬಂದರು. ಯೆಣೆಗೂರಿಗೆ ಹೊರಟಿದ್ದ ಆಟೋದವನು ಪ್ರಯಾಣಿಕರ ಸಮೇತ ಇಳಿದು ಬಂದ. ಬಸವಣ್ಣೆಪ್ಪನವರು ಹಿಗ್ಗಿ, ಯಂತ್ರದ ದನಿಯನ್ನು ಪೂರ್ತಿ ಏರಿಸಿದರು. ಗಣಿಯ ಒಡೆಯನಿಗೆ ಗುಟ್ಟೆಂಥದು! ಪ್ರತಿ ಟೀಂಗೂ ಜನ ಹೋ ಎಂದರು. ಮಧ್ಯಾಹ್ನದ ಹೊತ್ತಿಗೆ ದಂಡೆ ಹಂದಿ ಹೊಕ್ಕ ಕಬ್ಬಿನ ಗದ್ದೆಯಂತಾಗಿತ್ತು.

ಅಷ್ಟರಲ್ಲಿ ಬುತ್ತಿ ಹೊತ್ತು ಸುಮಂಗಲಾಬಾಯಿ ಬಂದರು. ಗುಂಡಿಗಳನ್ನು ನೋಡಿದರು, ಗಂಡನನ್ನು ನೋಡಿದರು.

"ಏನ್ರೀ, ಬುಗಡಿ ಹುಡುಕ್ಲತ್ತೀರೋ, ಊರಿಗೆ ನಳ ಹಾಕ್ಲತ್ತೀರೋ?"

"ಬುಗಡಿ ಯಾಕ ಕೇಳ್ತಿ? ನಿನಗ ಮಠದ ಸ್ವಾಮಿಗಳಂಗ ಅಡ್ಡಪಲ್ಲಕ್ಕಿ ಮಾಡ್ಸಿ ಬೆಳ್ಳಿ ಹೊದಿಸ್ತೀನಿ! ಕೇಳಿಲ್ಲಿ!" ಬಗ್ಗಿದರು. ಟೀಂ! ಹೆಮ್ಮೆಯಿಂದ ಎದ್ದು ನಿಂತರು. ಯಂತ್ರ ಸುಮ್ಮನಾಯಿತು.

ಸುಮಂಗಲಾಬಾಯಿ ಬುತ್ತಿ ಇಳಿಸಿದರು. "ಇನ್ನೊಮ್ಮಿ ಬಗ್ಗರಿ."

ಟೀಂ!

"ನೆಟ್ಟಗ ನಿಂದ್ರರಿ."

ಮೌನ.

"ತಟ್ಟಿ ಅಲ್ಲೇ ಇರ್ಲಿ, ನೀವಷ್ಟೇ ಬಗ್ಗರಿ."

ಟೀಂ! ಅಂಗಿಯ ಬಿಚ್ಚಿದ ಗುಂಡಿಯಿಂದ ಹೊರಬಿದ್ದ ಕರಡಿಗೆ, ತಟ್ಟೆಯ ಮೇಲೆ ಗಡಿಯಾರದ ಲೋಲಕದಂತೆ ತೂಗುತ್ತಿತ್ತು.

ದಂಡೆಯಲ್ಲಿ ಎದ್ದ ನಗೆಗೆ ಕೆರೆಯ ಕೊಕ್ಕರೆಗಳೆಲ್ಲ ಹಾರಿಹೋದವು! ನಾಗನಾಥ ಸಲಿಕೆ ಬಿಟ್ಟು ತನ್ನ ಬೊಬ್ಬೆ ಎದ್ದ ಅಂಗೈ ನೋಡಿಕೊಂಡ.

"ಮಾಮಾ, ಮುಂಜಾನಿಂದ ನಿಮ್ಮ ಅಜ್ಜನ ಬೆಳ್ಳಿಗಿ ನಾ ತಗ್ಗು ತೋಡ್ಲತ್ತಿದ್ನಾ?"

ಬಸವಣ್ಣೆಪ್ಪನವರು ಸೆಟೆದು ನಿಂತರು. "ಮತ್ತೇನು ಮಾಡಬೇಕಿತ್ತು? ಲಿಂಗ ಮೈ ಬಿಟ್ಟು ಇಡಾಕ ಬರ್ತದೇನು?"

"ಅದನ್ನ ಬಿಡ್ರಿ ಅಂತ ಯಾರಂದಾರ? ಅದು ಮೈಮ್ಯಾಲೇ ಇರ್ಲಿ," ಎಂದರು ಸುಮಂಗಲಾಬಾಯಿ. "ಮೈ ತಗೊಂಡು ನೀವು ಆ ಬೇವಿನ ಗಿಡದ ಬುಡಕ ಹೋಗಿ ಕೂಡ್ರಿ."

ದಂಡನಾಯಕರು ಬೇವಿನ ಮರಕ್ಕೆ ಹಿಮ್ಮೆಟ್ಟಿದರು. ಸುಮಂಗಲಾಬಾಯಿ ಕೋಲನ್ನು ತಿರುವಿ ಎಳೆದರು. ಕೊಡೆಯ ಕೋಲಿನಂತೆ ಅದು ಉದ್ದವಾಯಿತು. ನೆಟ್ಟಗೆ ನಿಂತು, ತಾವು ಕೌದಿ ಕೊಡವಿದ ಜಾಗಕ್ಕೇ ಹೋದರು. ಗುಂಡಿಯಲ್ಲಿ ಸದ್ದಿಲ್ಲ. ಪಕ್ಕದಲ್ಲಿ ಗಂಡ ಎಸೆದಿದ್ದ ಮಣ್ಣಿನ ಗುಡ್ಡೆಯ ಮೇಲೆ ತಟ್ಟೆ ಆಡಿಸಿದಾಗ ಸಣ್ಣಗೆ, ನಾಚಿದಂತೆ ಒಂದು ಟಿಣ್. ಮಣ್ಣು ಕೆದರಿದರು. ಮುತ್ತಿನ ಬುಗಡಿ ಬೆರಳಿಗೆ ಬಂತು! ಸೆರಗಿನಲ್ಲಿ ಒರೆಸಿ ಕಿವಿಗಿಟ್ಟುಕೊಳ್ಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಬೇವಿನ ಮರದಿಂದ ಬಸವಣ್ಣೆಪ್ಪನವರು ಓಡಿ ಬಂದರು. "ಯಾರು ತೋಡಿದ್ದು ಆ ಮಣ್ಣು? ನಾನು! ಮೊದಲ ಏಟಿಗೇ ಪಾತಾಳದಿಂದ ಎತ್ತಿ ಮ್ಯಾಲ ಇಟ್ಟವ ನಾನು! ನಾ ಅತ್ಲಾಗ ಸರಿಯದಿದ್ರ ಸಿಗ್ತಿತ್ತೇನು? ಶಪಥ ಪೂರಾ ಆಯ್ತು! ಸಾಖರಪುಡಾದಾಗ ಇದರ ಮ್ಯಾಲೇ ನನ್ನ ಭಾಷಣ!"

"ಮಾಡ್ರಿ, ಯಾರ್ ಬ್ಯಾಡ ಅಂದಾರ?" ಸುಮಂಗಲಾಬಾಯಿ ಬುತ್ತಿ ಬಿಚ್ಚುತ್ತ ಹೇಳಿದರು. "ನಮ್ಮ ಅಣ್ಣನ ಮನಿ ಮುಂದೂ ಒಂದು ಬೇವಿನ ಗಿಡ ಅದ."