ಹಳೇ ಗಾಡಿ, ಡೀಸೆಲ್ ಇಂಜಿನ್, ಸವಣೂರಿನ ಎಲೆ

ಹಳೇ ಗಾಡಿಗೆ ಹೊಸ ಇಂಜಿನ್ ಕೂರಿಸುತ್ತೇನೆಂದು ಒಬ್ಬ ಹೊರಟರೆ ಸಾಕು, ಊರಿಗೆಲ್ಲ ಕೆಲಸ ಸಿಕ್ಕಂತೆ. ನಟ್ಟು ಬಿಗಿಯುವವನು ಒಬ್ಬ, ಬುದ್ಧಿ ಹೇಳುವವರು ಸುತ್ತಿನ ತಾಲೂಕಿನವರೆಲ್ಲ. ನನ್ನ ಗಾಡಿಯ ವಿಷಯದಲ್ಲಂತೂ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಯಾವುದೂ ಹಿಂದೆ ಬೀಳಲಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿನ ಮಾತು. ನಾನು ಶಿಗ್ಗಾಂವ ಪೇಟೆಯಲ್ಲಿ ಮೆಣಸಿನಕಾಯಿ, ಕಾಳುಕಡಿ ವ್ಯಾಪಾರ ಮಾಡಿಕೊಂಡಿದ್ದೆ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಸಣ್ಣ ಟ್ರಕ್ಕೊಂದು ಕೈಯಿಂದ ಕೈಗೆ ದಾಟಿ ನನ್ನ ಕೈಗೆ ಬಂತು. ಮುಂದೆ ಮೂವರು ಒತ್ತಿಕೊಂಡು ಕೂರುವಷ್ಟು ಜಾಗ, ಹಿಂದೆ ತೆರೆದ ತೊಟ್ಟಿ. ಮೈ ಗಟ್ಟಿಯಾಗಿತ್ತು. ಆದರೆ ಮದುವೆಮನೆಗೆ ಬಂದ ಬೀಗರು ಮಜ್ಜಿಗೆ ಕುಡಿದಂತೆ ಪೆಟ್ರೋಲ್ ಕುಡಿಯುತ್ತಿತ್ತು. ಅದಕ್ಕೆ ಡೀಸೆಲ್ ಇಂಜಿನ್ ಕೂರಿಸಬೇಕೆಂದು ನಿಶ್ಚಯಿಸಿದೆ.

ಕೆಲಸ ಒಪ್ಪಿಕೊಂಡವನು ಸವಣೂರಿನ ಮಿಸ್ತ್ರಿ. ಕೆಲಸ ಬರುತ್ತಿತ್ತು, ಆದರೆ ಮಾತು ಬಂದಷ್ಟಲ್ಲ. ಹುಬ್ಬಳ್ಳಿಯಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿದು ಬೇಸತ್ತು ಬಂದು, ಊರೂರು ತಿರುಗಿ ರಿಪೇರಿ ಮಾಡುತ್ತಿದ್ದ. ಹಿರೇಕೆರೂರಿನ ಕಡೆ ಅವನಿಗೊಂದು ಹೆಣ್ಣು ನೋಡಿದ್ದರು. ಹೆಣ್ಣಿನ ಅಪ್ಪ ಮಾತ್ರ, “ಊರೂರು ತಿರುಗೋ ರಿಪೇರಿಯವಗ ಮಗಳನ್ನ ಕೊಡಂಗಿಲ್ಲ. ತನ್ನ ಊರಾಗ ತನ್ನ ಶೆಡ್ ಹಾಕ್ಲಿ, ಆಮ್ಯಾಲೆ ಮಾತಾಡೂಣು” ಎಂದುಬಿಟ್ಟಿದ್ದ.

“ಸಾವ್ಕಾರ್ರ, ಈ ಗಾಡಿ ಛಲೋ ಓಡಿತಂದ್ರ ಉಳದ ಗಾಡಿ ತಾವ ಬಂದು ನನ್ನ ಬಾಗಲ್ದಾಗ ನಿಂದರ್ತಾವು” ಅಂದ ಮಿಸ್ತ್ರಿ. “ಓಡಲಿಲ್ಲಂದ್ರ ಶೆಡ್ಡೂ ಇಲ್ಲ, ಹೆಂಡ್ತೀನೂ ಇಲ್ಲ.”

“ಹೆಂಡ್ತಿ ವಿಚಾರ ನಿಂದು. ಇಂಜಿನ್ ವಿಚಾರ ನಂದು. ಎರಡೂ ಕಲಸಬ್ಯಾಡ” ಅಂದೆ. ಆದರೆ ಅವು ಮೊದಲೇ ಕಲಸಿಹೋಗಿದ್ದವು.

ಹಲ್ಲು ಎಣಿಸಿದವರು

ಗಾಡಿಯನ್ನು ಮನೆಗೆ ತಂದ ದಿನ ಊರ ಹೊರಗೇ ಪೆಟ್ರೋಲ್ ಮುಗಿಯಿತು. ಎತ್ತು ಕಟ್ಟಿ ಎಳೆಸಿದೆ. ಎತ್ತಿನ ಹಿಂದೆ ಬಂದದ್ದರಿಂದಲೋ ಏನೋ, ನಮ್ಮ ಓಣಿಯ ದನದ ದಲಾಲಿ ಅಜ್ಜ ಅದನ್ನು ಆ ಲೆಕ್ಕದಲ್ಲೇ ನೋಡಲು ಶುರು ಮಾಡಿದ. ಸುತ್ತ ಒಂದು ಸುತ್ತು ಹಾಕಿದ. ಎಲ್ಲಾದರೂ ಕೆಟ್ಟ ಸುಳಿ ಇದೆಯೇ ಎಂದು ಬಗ್ಗಿ ನೋಡಿದ. ಮುಂದಿನ ಜಾಳಿಗೆಯ ಸರಳುಗಳನ್ನು ಬೆರಳಿಟ್ಟು ಎಣಿಸಿದ.

“ಎಲ್ಲಾ ಹಲ್ಲು ಬಂದಾವು. ವಯಸ್ಸು ಆಗೇತಿ ಸಾವ್ಕಾರ್ರ.”

“ಗೊತ್ತಿದ್ದನ ತಂದೇನಿ ಅಜ್ಜಾ.”

ಕೊನೆಗೆ ಹಿಂದೆ ಹೋಗಿ, ಎತ್ತಿನ ತೊಡೆಗೆ ಬಡಿಯುವಂತೆ ಜೋರಾಗಿ ಒಂದು ಏಟು ಕೊಟ್ಟ. ಗಾಲಿಯ ಮೇಲಿನ ತಗಡು ಕಳಚಿ ನೆಲಕ್ಕೆ ಬಿತ್ತು. ನಾನು ಅದನ್ನು ಎತ್ತಿಕೊಳ್ಳಲು ಓಡಿದೆ. ಅಜ್ಜ ಮಾತ್ರ ತಲೆದೂಗಿದ.

“ಒದೀಲಿಲ್ಲ ನೋಡ್ರಿ. ಸ್ವಭಾವ ಛಲೋ ಐತಿ.”

ಗೇಣು ಯಾರದು

ರೈಲಿನಲ್ಲಿ ಬಂದ ಡೀಸೆಲ್ ಇಂಜಿನ್ ಹಳೆಯದಕ್ಕಿಂತ ಉದ್ದವೂ ಎತ್ತರವೂ ಆಗಿತ್ತು. ಅದನ್ನು ಕೂರಿಸಲು ದಪ್ಪ ಕಬ್ಬಿಣದ ಪಟ್ಟಿ ಬೇಕು. ಹತ್ತಿಮತ್ತೂರಿನ ಕಮ್ಮಾರನ ಕೈ ಗಟ್ಟಿ ಎಂದು ಅವನಿಗೆ ಕೆಲಸ ಒಪ್ಪಿಸಿದೆವು. ಆ ಕಡೆ ಹೊರಟ ಎತ್ತಿನ ಚಕ್ಕಡಿಯವನ ಹತ್ತಿರ ಮಿಸ್ತ್ರಿ ಅಳತೆ ಹೇಳಿ ಕಳಿಸಿದ: “ಒಂದು ಗೇಣಿನ ಮ್ಯಾಲೆ ನಾಕು ಬೆರಳು.”

ಪಟ್ಟಿ ಬಂದವು. ಇಟ್ಟು ನೋಡಿದರೆ ಎರಡು ಕಡೆಯೂ ಹೊರಗೆ ಚಾಚಿಕೊಂಡವು. ಮಿಸ್ತ್ರಿ ಕೆಂಡವಾದ. ನನ್ನನ್ನೂ ಕರೆದುಕೊಂಡು ಹತ್ತಿಮತ್ತೂರಿಗೆ ಹೋದ.

“ಇದ್ಯಾವ ಗೇಣು ಮಾರಾಯಾ?”

ಕಮ್ಮಾರ ಸುಮ್ಮನೆ ಕೈ ಚಾಚಿದ. ಕೈ ಅಲ್ಲ ಅದು, ಕಾಳು ಕೇರುವ ಮೊರ. ಮಿಸ್ತ್ರಿಯ ಕೈ ಅದರ ಪಕ್ಕದಲ್ಲಿ ಕೂಸಿನ ಕೈಯಂತೆ ಕಂಡಿತು.

“ನಾ ಹೇಳಿದ್ದು ನನ್ನ ಗೇಣು!”

“ನನ್ನ ಕುಲಿಮ್ಯಾಗ ನನ್ನ ಗೇಣು ನಡೀತೈತಿ.”

ಮತ್ತೆ ಕಬ್ಬಿಣ ಕಾಯಿಸಿದರು. ಮಿಸ್ತ್ರಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದಲ್ಲಿ ತನ್ನ ಗೇಣು ಹಿಡಿದು ಕುಂತ. ಸುತ್ತಿಗೆ ಬಿದ್ದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಈ ಸಲ ಪಟ್ಟಿ ಸರಿಯಾಗಿ ಕುಂತವು. ಎತ್ತರದ ಇಂಜಿನ್ನಿನ ಮೇಲೆ ಬಾನೆಟ್ ಮಾತ್ರ ಮುಚ್ಚಲಿಲ್ಲ, ಅದನ್ನು ಬಿಚ್ಚಿ ತೆಗೆದಿಟ್ಟೆವು. ಹೊರಡುವಾಗ ಕಮ್ಮಾರ ಮಿಸ್ತ್ರಿಗೆ ಹೇಳಿದ:

“ಇನ್ನ ಮ್ಯಾಲೆ ಅಳತಿ ಹೇಳಿ ಕಳಸಬ್ಯಾಡ. ಕೈ ಕಳಸು.”

ಖಂಡೇ ಪೂಜೆ

ಇಂಜಿನ್ ಕುಂತಿತು, ಡೀಸೆಲ್ ಪಂಪು ಜೋಡಿಸುವುದೊಂದು ಉಳಿದಿತ್ತು. ಅಷ್ಟರಲ್ಲಿ ಮಹಾನವಮಿ, ಆಯುಧಗಳಿಗೆ ಖಂಡೇ ಪೂಜೆ ಮಾಡುವ ದಿನ ಬಂತು. ಮಿಸ್ತ್ರಿ ಬೆಳಿಗ್ಗೆ ಬಂದು ನೋಡಿದರೆ ಅವನ ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಪಂಪು ಯಾವುದೂ ಇಲ್ಲ. ನನ್ನ ಮನೆಯಾಕೆ ಎಲ್ಲವನ್ನೂ ತೊಳೆದು ದೇವರ ಮುಂದೆ ಸಾಲಾಗಿ ಇಟ್ಟಿದ್ದಳು. ಪಂಪಿಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು.

“ಅವ್ವಾರ, ಪಂಪು ಆಯುಧ ಅಲ್ರಿ! ಅದು ಇಂಜಿನ್ನಿನ ಹೊಟ್ಟಿರಿ!”

“ಹೊಟ್ಟಿಗೂ ಪೂಜಿ ಆಗ್ಲಿ ಬಿಡು. ನಾವೆಲ್ಲಾ ದುಡಿಯೂದು ಅದಕ್ಕ ಹೌದಲ್ಲೋ? ಬನ್ನಿ ಮುಡಿಯೂಮಟಾ ಒಂದೂ ಮುಟ್ಟಂಗಿಲ್ಲ.”

ಮಿಸ್ತ್ರಿ ನನ್ನ ಕಡೆ ನೋಡಿದ. ನಾನು ಪೇಟೆಯಲ್ಲಿ ಚೌಕಾಶಿ ಮಾಡುವವನು, ದೇವರಮನೆಯಲ್ಲಿ ಅಲ್ಲ.

ಮರುದಿನ ದಸರೆಯ ಬನ್ನಿ ಮುಡಿದ ಮೇಲೆ ಪಂಪು ಬಿಡುಗಡೆಯಾಯಿತು. ಮಿಸ್ತ್ರಿ ಅದನ್ನು ಚಿಮಣಿ ಎಣ್ಣೆಯಲ್ಲಿ ತೊಳೆದ, ಮತ್ತೆ ತೊಳೆದ. ಕುಂಕುಮದ ಕೆಂಪು ಬರುವುದು ನಿಲ್ಲಲೇ ಇಲ್ಲ. ಜೋಡಿಸಿ ಹ್ಯಾಂಡಲ್ ಹೊಡೆದರೆ ಇಂಜಿನ್ ಕೆಮ್ಮಿತು, ಸೀನಿತು, ಓಣಿ ತುಂಬ ಹೊಗೆ ಬಿಟ್ಟು ಕೊನೆಗೂ ಎದ್ದಿತು.

“ಒಳಗಿಂದೆಲ್ಲಾ ತಗದಿಯೇನೋ?” ಕೇಳಿದೆ.

“ಕುಂಕುಮ ತಗದೇನ್ರಿ. ಅಕ್ಕಿಕಾಳೂ ತಗದೇನ್ರಿ. ಭಕ್ತಿ ಒಂದು ಉಳಕೊಂಡೈತಿ.”

ನಿಂಬೆಹಣ್ಣು

ಮೊದಲ ಸಲ ರಸ್ತೆಗಿಳಿಸುವ ದಿನ ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಮಠದ ಅಯ್ಯನವರು ಬಂದು ಆರತಿ ಮಾಡಿದರು. ಡ್ರೈವರ್ ಮಿಲಿಟರಿ ಬಿಟ್ಟುಬಂದವನು, ಇಂಥ ಹಳೇ ಗಾಡಿ ಕಣ್ಣು ಮುಚ್ಚಿ ನಡೆಸುತ್ತಿದ್ದ. ಹೊಸ ಇಂಜಿನ್ನಿನ ಗಾಡಿ ಯಾರ ಮೈಮೇಲೆ ಬಂದೀತೋ ಎಂಬ ಹೆದರಿಕೆಯಿಂದ ನೆರೆದ ಮಂದಿಯೆಲ್ಲ ಜಾಣತನ ಮಾಡಿ ಹಿಂದೆ ಹೋಗಿ ನಿಂತರು. ಅಯ್ಯನವರೂ ಹಿಂದೆಯೇ.

ಇಂಜಿನ್ ಜೊತೆ ಗೇರ್ ಬಾಕ್ಸೂ ಹೊಸದು. ಹಳೆಯದರಲ್ಲಿ ಮುಂದೆ ಹೋಗುವ ಗೇರು ಎಲ್ಲಿತ್ತೋ, ಹೊಸದರಲ್ಲಿ ಹಿಂದೆ ಹೋಗುವ ಗೇರು ಅಲ್ಲಿತ್ತು. ಮಿಸ್ತ್ರಿ ಅದನ್ನು ಡ್ರೈವರನಿಗೆ ಹೇಳಿದ್ದ. ಡ್ರೈವರನ ಕೈಗೆ ಮಾತ್ರ ಅದು ನೆನಪಿರಲಿಲ್ಲ.

“ಜೈ!” ಅಂದರು ಎಲ್ಲರೂ. ಗಾಡಿ ಜೈ ಅಂದವರ ಕಡೆಗೇ ಬಂತು.

ಮಂದಿ ದಿಕ್ಕಾಪಾಲು. ಅಯ್ಯನವರು ಆ ವಯಸ್ಸಿನಲ್ಲಿ ಕಟ್ಟೆ ಹಾರಿದ್ದನ್ನು ಊರು ಇಂದಿಗೂ ಆಡಿಕೊಳ್ಳುತ್ತದೆ. ಗಾಡಿ ಸೀದಾ ನನ್ನ ಅಂಗಡಿಯ ಮುಂದಿನ ಮೆಣಸಿನಕಾಯಿ ಚೀಲಗಳಿಗೆ ಗುದ್ದಿ ನಿಂತಿತು. ಚೀಲ ಹರಿದು ಘಾಟು ಎದ್ದಿತು. ಪೇಟೆಗೆ ಪೇಟೆಯೇ ಸೀನತೊಡಗಿತು. ಯಾರಿಗೂ ಪೆಟ್ಟಾಗಿರಲಿಲ್ಲ, ಅಷ್ಟು ಪುಣ್ಯ.

ಅಯ್ಯನವರು ಕಣ್ಣೊರೆಸಿಕೊಳ್ಳುತ್ತ ಗಾಡಿ ಮೊದಲು ನಿಂತಿದ್ದ ಜಾಗಕ್ಕೆ ಹೋಗಿ ಬಗ್ಗಿ ನೋಡಿದರು. ಎದ್ದು ನಿಂತು, ಒಂದು ಸೀನು ಸೀನಿ ಹೇಳಿದರು:

“ನಿಂಬಿಹಣ್ಣಿಗೆ ಏನೂ ಆಗಿಲ್ಲ. ಶುಭ ಐತಿ.”

ಕೌದಿ

ಗೇರು ಕೈಗೆ ರೂಢಿಯಾಯಿತು. ಭತ್ತ ತರಲು ಹಾನಗಲ್ಲಿಗೆ ಹೋದೆವು. ಡ್ರೈವರ್ ಪೇಟೆಯಲ್ಲಿ ಗಾಡಿ ನಿಲ್ಲಿಸಿ, ಚಾವಿ ತಿರುವಿ ಕಿಸೆಗೆ ಹಾಕಿಕೊಂಡು ಚಹಾದಂಗಡಿಗೆ ಬಂದು ನನ್ನ ಪಕ್ಕ ಕುಂತ. ಹೊರಗೆ ಇಂಜಿನ್ ಟಕಟಕ ಅನ್ನುತ್ತಲೇ ಇತ್ತು.

“ಬಂದ್ ಮಾಡ್ಲಿಲ್ಲೇನೋ?”

“ಮಾಡೇನ್ರಿ. ಚಾವಿ ಇಲ್ಲೇ ಐತಿ ನೋಡ್ರಿ.”

ಪೆಟ್ರೋಲ್ ಇಂಜಿನ್ ಚಾವಿ ತಿರುವಿದರೆ ನಿಲ್ಲುತ್ತದೆ. ನಮ್ಮ ಡೀಸೆಲ್ಲು ಹಾಗಲ್ಲ, ಅದಕ್ಕೆ ಬೇರೆ ತಂತಿ ಎಳೆಯಬೇಕು. ಇಷ್ಟು ದಿನ ಅದನ್ನು ಮಿಸ್ತ್ರಿಯೇ ಎಳೆಯುತ್ತಿದ್ದ, ಡ್ರೈವರನಿಗೂ ಅದು ಗೊತ್ತಿರಲಿಲ್ಲ, ನನಗೂ ಇಲ್ಲ. ಗೊತ್ತಿದ್ದ ಮಿಸ್ತ್ರಿ ಸವಣೂರಿನಲ್ಲಿದ್ದ. ಗಾಡಿಯ ಸುತ್ತ ಮಂದಿ ನೆರೆದರು. ಒಳಗೆ ಯಾರೂ ಇಲ್ಲ, ಚಾವಿ ಇಲ್ಲ, ಗಾಡಿ ಗಡಗಡ ನಡುಗುತ್ತಿದೆ. ಡ್ರೈವರ್ ಚಾವಿ ಹಾಕಿದ, ತೆಗೆದ, ಮತ್ತೆ ಹಾಕಿದ. ಗಾಡಿ ಅವನನ್ನು ಕೇಳಲಿಲ್ಲ.

ಕೌದಿ ಮಾರಲು ಕುಂತಿದ್ದ ಮುದುಕಿಗೆ ತಡೆಯಲಾಗಲಿಲ್ಲ. “ಚಳಿಜ್ವರ ಬಂದದ್ದಕ್ಕ ಎಲ್ಲಾರೂ ನೋಡ್ಕೋಂತ ನಿಂತೀರಲ್ಲ, ನಿಮಗ ಕರಳಿಲ್ಲೇನು?” ಎಂದವಳೇ ದಪ್ಪ ಕೌದಿಯೊಂದನ್ನು ತಂದು ಬಾನೆಟ್ ಇಲ್ಲದ ಇಂಜಿನ್ನಿನ ಮೇಲೆ ಹೊದಿಸಿದಳು. ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಕೌದಿ ಗಪ್ಪನೆ ಅಂಟಿಕೊಂಡಿತು. ಉಸಿರು ಕಟ್ಟಿ ಗಾಡಿ ಎರಡು ಸಲ ಜೋಲಿ ಹೊಡೆದು ನಿಂತುಬಿಟ್ಟಿತು.

ಮುದುಕಿ ನಮ್ಮಿಬ್ಬರ ಕಡೆ ತಿರುಗಿದಳು. “ನೋಡ್ರಿ, ಬೆಚ್ಚಗಾತು, ಮಲಗಿತು. ಏಳೂತನಕಾ ಎಬ್ಬಸಬ್ಯಾಡ್ರಿ.”

ಎಲೆಗೆ ವಾಸನೆ

ನನ್ನ ಕಣ್ಣು ಇದ್ದದ್ದು ಸವಣೂರಿನ ವೀಳ್ಯದೆಲೆಯ ಮೇಲೆ. ಎಲೆ ಬುಟ್ಟಿಗಳು ಚಕ್ಕಡಿಯಲ್ಲಿ ಯಲವಿಗಿ ಸ್ಟೇಶನ್ನಿಗೆ ಹೋಗಿ ರೈಲು ಹತ್ತುತ್ತಿದ್ದವು. ಬಿಸಿಲಿನಲ್ಲಿ ಚಕ್ಕಡಿ ಮುಟ್ಟುವಷ್ಟರಲ್ಲಿ ಮೇಲಿನ ಎಲೆ ಬಾಡುತ್ತಿತ್ತು. ಗಾಡಿಯಲ್ಲಾದರೆ ಬೇಗ. ಆದರೆ ಎಲೆ ತೋಟದವರಿಗೆಲ್ಲ ಹಿರಿಯರಾದ ಅಜ್ಜಾರು ಒಪ್ಪಬೇಕಲ್ಲ?

“ಎಲಿ ಬಾಡಿದ್ರ ನೀರು ಹೊಡದು ಎಬ್ಬಸಬಹುದು” ಅಂದರು ಅಜ್ಜಾರು. “ಡೀಸೆಲ್ ವಾಸನಿ ಹತ್ತಿತಂದ್ರ ಸವಣೂರ ಹೆಸರ ಹೋಗ್ತೈತಿ. ಒಂದು ಸಲ ಒಯ್ದು ನೋಡ್ರಿ. ನಾನೂ ಬರ್ತೇನಿ. ಸ್ಟೇಶನ್ದಾಗ ನಾನ ಎಲಿ ಹಾಕ್ಕೊಂಡು ಹೇಳ್ತೇನಿ.”

ಈ ಸುದ್ದಿ ಹಿರೇಕೆರೂರಿಗೂ ಮುಟ್ಟಿತು. ಹೆಣ್ಣಿನ ಅಪ್ಪ, ಗಾಡಿಯ ಹಣೆಬರಹ ನೋಡಿಯೇ ಹೋಗುತ್ತೇನೆಂದು ಸೀದಾ ಯಲವಿಗಿಗೆ ಬಂದು ಕುಂತ.

ಮಿಸ್ತ್ರಿ ಆ ದಿನ ಗಾಡಿಯ ತೊಟ್ಟಿಯನ್ನು ಸೀಗೇಕಾಯಿ ಹಾಕಿ ತಿಕ್ಕಿದ. ಬಾಳೆಎಲೆ ಹಾಸಿದ. ಹೊಗೆ ಕೊಳವೆಗೆ ಇನ್ನೊಂದು ಕೊಳವೆ ಜೋಡಿಸಿ ಹೊಗೆ ದೂರ ಹೋಗುವಂತೆ ಮಾಡಿದ. ಕಟ್ಟಕಡೆಗೆ ಡೀಸೆಲ್ ಪೈಪು ಬಿಗಿಯಾಗಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿದ. ಅಜ್ಜಾರಿಗೆ ಮೊಣಕಾಲು ನೋವು. ಮಿಸ್ತ್ರಿಯೇ ಓಡಿಬಂದು ಎರಡೂ ಕೈ ಹಿಡಿದು, ದೇವರನ್ನು ಕೂರಿಸಿದಂತೆ ಅವರನ್ನು ಮುಂದೆ ಹತ್ತಿಸಿ, ತಾನೂ ಅವರ ಪಕ್ಕ ಕುಂತ. ನಾನು ಹಿಂದೆ ಬುಟ್ಟಿಗಳ ಜೊತೆ ಕುಂತೆ. ನನಗೆ ದಾರಿಯುದ್ದಕ್ಕೂ ಎಲೆಯ ವಾಸನೆಯೇ ಹೊರತು ಇನ್ನೊಂದಿಲ್ಲ.

ರೈಲು ಬರಲು ಇನ್ನೂ ಹೊತ್ತಿತ್ತು. ಮಿಸ್ತ್ರಿ ಅಷ್ಟೇ ಭಕ್ತಿಯಿಂದ ಅಜ್ಜಾರನ್ನು ಇಳಿಸಿದ. ಅವರು ಬುಟ್ಟಿಯ ನಡುವಿನಿಂದ ಒಂದು ಎಲೆ ತೆಗೆದರು. ನಾರು ಬಿಡಿಸಿದರು, ಸುಣ್ಣ ಹಚ್ಚಿದರು, ಅಡಿಕೆ ಇಟ್ಟು ಮಡಚಿ ಬಾಯಿಗಿಟ್ಟರು. ಎಲ್ಲರೂ ಅವರ ದವಡೆಯನ್ನೇ ನೋಡುತ್ತಿದ್ದೆವು.

ಥೂ ಎಂದು ಉಗುಳಿದರು. “ಡೀಸೆಲ್.”

ಇನ್ನೊಂದು ಬುಟ್ಟಿ. “ಡೀಸೆಲ್.” ಅಡಿಯ ಎಲೆ ತೆಗೆಸಿದರು. “ಇದಕ್ಕಂತೂ ಭಾಳ ಐತಿ.”

ಮಿಸ್ತ್ರಿ ಗಾಡಿಯ ಗಾಲಿಗೆ ಒರಗಿ ಕುಂತ. ಹೆಣ್ಣಿನ ಅಪ್ಪ ಎದ್ದು, ಹೆಗಲ ಮೇಲಿನ ವಸ್ತ್ರ ಝಾಡಿಸಿ, “ಹಿರೇಕೆರೂರ ಕಡೆ ಬಸ್ಸು ಎಷ್ಟೊತ್ತಿಗೆ ಐತ್ರಿ?” ಎಂದು ನನ್ನನ್ನು ಕೇಳಿದ. 

ಅಷ್ಟರಲ್ಲಿ ಬೇರೊಂದು ತೋಟದ ಎಲೆ ಹೊತ್ತ ಚಕ್ಕಡಿ ಬಂತು. ಅಜ್ಜಾರು ಕೂಗಿದರು, “ಏ, ನಿನ್ನ ಬುಟ್ಟ್ಯಾಗಿಂದು ಒಂದು ಎಲಿ ಕೊಡೋ. ಬಾಯಿ ಕೆಟ್ಟಹೋಗೇತಿ, ಸ್ವಚ್ಛ ಮಾಡ್ಕೊತೇನಿ.” ಆ ಎಲೆಗೂ ಸುಣ್ಣ ಹಚ್ಚಿ ಬಾಯಿಗಿಟ್ಟರು. ಅಗಿದರು. ಕಣ್ಣು ಅಗಲವಾದವು.

“ಇದಕ್ಕೂ ಡೀಸೆಲ್ ವಾಸನಿ!”

ಚಕ್ಕಡಿಯವನಿಗೆ ಸಿಟ್ಟು ನೆತ್ತಿಗೇರಿತು. “ಅಜ್ಜಾರ, ನನ್ನ ಎತ್ತು ಹುಲ್ಲು ತಿಂತಾವ್ರಿ, ನೀರು ಕುಡೀತಾವ್ರಿ! ಬೇಕಾದ್ರ ಅವುನ್ನೂ ಮೂಸಿ ನೋಡ್ರಿ!”

ಮೆಣಸಿನಕಾಯಿ ವ್ಯಾಪಾರದವನಿಗೆ ಕೈಯ ಮೇಲೆ ಸಂಶಯ ಬೇಗ ಬರುತ್ತದೆ. ಕೈ ತೊಳೆಯದೆ ಕಣ್ಣು ಒರೆಸಿಕೊಂಡು ಒದ್ದಾಡುವವರನ್ನು ನಾನು ದಿನವೂ ನೋಡುತ್ತೇನೆ. ನಾನೇ ನಮ್ಮ ಬುಟ್ಟಿಯಿಂದ ಒಂದು ಎಲೆ ತೆಗೆದೆ. ನಾನೇ ಸುಣ್ಣ, ಅಡಿಕೆ ಇಟ್ಟು ಮಡಚಿದೆ.

“ಅಜ್ಜಾರ, ಕೈ ಹಿಂದ ಕಟ್ಟಿಕೊಳ್ರಿ. ಬಾಯಿ ಅಷ್ಟ ತಗೀರಿ.”

ಮದುಮಗನಿಗೆ ತುತ್ತು ಕೊಟ್ಟಂತೆ ಬಾಯಿಗಿಟ್ಟೆ. ಅಗಿದರು. ಹುಬ್ಬು ಸಡಿಲಾಯಿತು. ಕಣ್ಣು ಅರ್ಧ ಮುಚ್ಚಿದವು. ಉಗುಳುವುದನ್ನೇ ಮರೆತರು. ಆಮೇಲೆ ಏನೋ ಹೊಳೆದವರಂತೆ ನಿಧಾನವಾಗಿ ತಮ್ಮ ಅಂಗೈಯನ್ನು ಮೂಗಿನ ಹತ್ತಿರ ತಂದರು.

“ನನ್ನ ಗಾಡಿ ಹತ್ತಿಸಿದಂವ ಯಾರು?”

“ನಾನ್ರೀ ಅಜ್ಜಾರ” ಅಂದ ಮಿಸ್ತ್ರಿ, ಕುಂತಲ್ಲಿಂದಲೇ.

“ಇಳಿಸಿದಂವ?”

“ಅದೂ ನಾನ್ರೀ.”

ಅಜ್ಜಾರು ಎಲ್ಲರ ಮುಖ ನೋಡಿದರು. ಮಾತು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ಅವರಿಗಿರಲಿಲ್ಲ. ಗಂಟಲು ಸರಿಮಾಡಿಕೊಂಡು, “ಎಲಿ ಛಲೋ ಬಂದೈತಿ. ನಾಳಿಂದ ಗಾಡ್ಯಾಗ ಹೋಗ್ಲಿ” ಅಂದರು. ಹೆಣ್ಣಿನ ಅಪ್ಪ ಝಾಡಿಸಿದ ವಸ್ತ್ರವನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡು ಕುಂತ. “ಬಸ್ಸಿಗೇನು ಅವಸರ” ಅಂದ. “ಶೆಡ್ ಎಲ್ಲಿ ಹಾಕಾಂವ ಅದಾನ, ಅದನ್ನಷ್ಟು ನೋಡೂಣು.”

ಮಿಸ್ತ್ರಿಗೆ ಕಣ್ಣು ತುಂಬಿ ಬಂದವು. ಎದ್ದವನೇ ಎರಡೂ ಕೈ ಚಾಚಿಕೊಂಡು ಅಜ್ಜಾರ ಪಾದಕ್ಕೆ ಬೀಳಲು ಓಡಿದ. ಮೊಣಕಾಲು ನೋವಿನ ಅಜ್ಜಾರು ಹದಿಹರೆಯದವರಂತೆ ಹಿಂದಕ್ಕೆ ಜಿಗಿದರು.

“ಏ, ಅಲ್ಲೇ ನಿಂತು ಮಾಡೋ ನಮಸ್ಕಾರ! ಕೈ ಹೋತು, ಬಾಯಿ ಹೋತು, ಧೋತರ ಒಂದರ ಉಳೀಲಿ!”