ಕೊಕ್ಕೆಗೆ ಸಿಕ್ಕ ರಜೆ

ರಗಳೆಗೆ ಮೂಲ ಇಷ್ಟೇ. ಲಾಂಡ್ರಿ ಯಜಮಾನರ ವೆಬ್ ಪುಟದಲ್ಲಿ ಗಿರಾಕಿ ಬುಧವಾರ ಎಂದು ಒತ್ತಿದರೆ ಮಂಗಳವಾರ ಎಂದು ಹೋಗುತ್ತಿತ್ತು. ಪಾಪ, ಯಜಮಾನರು ಬಟ್ಟೆ ಒಯ್ಯಲು ಒಂದು ದಿನ ಮೊದಲೇ ಹೋಗಿ ಬಾಗಿಲು ಬಡಿಯುತ್ತಿದ್ದರು. "ಮೈಮೇಲಿರೋದನ್ನೇ ಬಿಚ್ಚಿ ಕೊಡ್ಲಾ?" ಎಂದು ಒಬ್ಬಾಕೆ ಉಗಿದು ಕಳಿಸಿದ್ದಳಂತೆ.

ಪುಟ ಬರೆದವನು ಈ ಸಾಫ್ಟ್‌ವೇರ್ ಕಚೇರಿಯ ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಉಳಿದದ್ದು ತಲೆಬುಡವಿಲ್ಲದ, ಒಂದೇ ಉದ್ದ ಸಾಲಿನ ಕೋಡ್. ಅದನ್ನು ಬಿಡಿಸುವ ಕೆಲಸ ಥ್ಯಾಂಕ್ಸಣ್ಣನ ಕೊರಳಿಗೆ ಬಿತ್ತು. ಲಿಫ್ಟಿನ ಬಾಗಿಲು ತೆರೆದುಕೊಂಡರೂ 'ಥ್ಯಾಂಕ್ಸ್' ಎನ್ನುವ ಜೀವ ಅದು. ಕಚೇರಿಯವರು ಅವನ ನಿಜವಾದ ಹೆಸರನ್ನೇ ಮರೆತಿದ್ದರು.

"ಸಂಜೆಯೊಳಗೆ ಸರಿ ಮಾಡಯ್ಯ. ನಾಳೆಗೆ ರಜೆ ಈಗಲೇ ಹಾಕಿಟ್ಟಿರು, ಕೆಲಸ ಆದ್ರೆ ಒಪ್ಪಿಗೆ ಕೊಡ್ತೀನಿ. ಆಗ್ಲಿಲ್ವೋ, ರಜೆ ಮಾತೇ ಎತ್ಬೇಡ," ಎಂದರು ಬಾಸ್.

ಅವನ ಲೆಕ್ಕದಲ್ಲಿ ಉಳಿದಿದ್ದುದು ಅದೊಂದೇ ರಜೆ. ನಾಳೆ ಬೆಳಿಗ್ಗೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ; ಮಾತಿಲ್ಲ, ಅಲ್ಲಾಡದೆ ನಿಂತರೆ ಸಾಕು. "ಅಪ್ಪಾ, ನೀನು ಮುಂದಿನ ಸಾಲಲ್ಲಿ ಕೂತ್ರೇನೇ ನಾನು ನಿಲ್ಲೋದು. ಇಲ್ದಿದ್ರೆ ಅಲ್ಲಾಡ್ಬಿಡ್ತೀನಿ," ಎಂದು ಬೆದರಿಸಿದ್ದಳು.

ಕೋಡ್ ಓದುತ್ತ ಕೂತರೆ ವರ್ಷ ಹಿಡಿಯುತ್ತಿತ್ತು. ಅದೃಷ್ಟಕ್ಕೆ, ಯಾರೋ ಪುಣ್ಯಾತ್ಮ 'ಕೊಕ್ಕೆ' ಎಂಬ ಪುಟ್ಟ ಪ್ರೋಗ್ರಾಮನ್ನು ಬರೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಂಚಿದ್ದ. ಅದನ್ನು ಬ್ರೌಸರಿಗೆ ಸಿಕ್ಕಿಸಿದರೆ ಸಾಕು. ಪುಟ ಏನನ್ನಾದರೂ ಹೊರಗೆ ಕಳಿಸಹೊರಟ ಗಳಿಗೆಯಲ್ಲಿ ಕೊಕ್ಕೆ ಅದರ ಕುತ್ತಿಗೆಪಟ್ಟಿ ಹಿಡಿದು ನಿಲ್ಲಿಸುತ್ತದೆ, 'ಸಿಕ್ಕಿಬಿದ್ದೆ!' ಎಂಬ ಕಿಟಕಿ ತೆರೆದು, ಹೋಗುತ್ತಿರುವುದೇನು, ಯಾವ ಕೋಡಿನಿಂದ ಹೊರಟಿತು ಎಲ್ಲವನ್ನೂ ತೋರಿಸುತ್ತದೆ.

"ನಿನ್ನ ಹೊಟ್ಟೆ ತಣ್ಣಗಿರಲಿ ತಂದೆ," ಎಂದು ಥ್ಯಾಂಕ್ಸಣ್ಣ ಪರದೆಗೆ ಕೈಮುಗಿದ. ಯಾವ ಪುಟಗಳಿಗೆ ಎಂದು ಕೊಕ್ಕೆ ಕೇಳಿತು. ಸಂತೋಷದಲ್ಲಿ 'ಎಲ್ಲ ಪುಟಗಳಿಗೂ' ಎಂದು ಒತ್ತಿಬಿಟ್ಟ. ಬಾಸ್ ಕಾಸು ಉಳಿಸಲು ಇಡೀ ಕಚೇರಿಯ ಬ್ರೌಸರುಗಳನ್ನು ಒಂದೇ ಲಾಗಿನ್ನಿಗೆ ಕಟ್ಟಿದ್ದರು. ಒಂದಕ್ಕೆ ಹಾಕಿದ್ದು ಎಲ್ಲಕ್ಕೂ ಹೋಗುತ್ತದೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಮೊದಲು ರಜೆ ಹಾಕಿಬಿಡೋಣ ಎಂದು ಕಚೇರಿಯ ರಜೆ ಪುಟ ತೆರೆದ. ನಾಳೆಯ ತಾರೀಖು ಒತ್ತಿದ್ದೇ ತಡ, 'ಸಿಕ್ಕಿಬಿದ್ದೆ!' ಎಂದು ಕಿಟಕಿ ಎದ್ದಿತು.

"ಲೋ, ನಾನು ಕಣೋ!" ಎಂದು ನಕ್ಕು, ಅದರಲ್ಲಿದ್ದುದನ್ನು ಓದದೆಯೇ 'ಸರಿ' ಒತ್ತಿ ಮುಂದೆ ಹೋದ.

ಅಷ್ಟರಲ್ಲಿ ಕಚೇರಿಯ ಲೆಕ್ಕ ಬರೆಯುವ ಅಕ್ಕ ಕಿಟಾರನೆ ಕಿರುಚಿದಳು. ಹುಟ್ಟಿನಿಂದಲೇ ನನ್ನ ಕೂದಲು ಕಪ್ಪು ಎಂದು ಜಂಬ ಕೊಚ್ಚುತ್ತಿದ್ದವಳ ಪರದೆಯ ತುಂಬ, 'ಸಿಕ್ಕಿಬಿದ್ದೆ! ಕಪ್ಪು ಹೇರ್ ಡೈ, ಆರು ಡಬ್ಬಿ.' ಹಿಂದೆಯೇ ಸ್ವಾಗತದ ಹುಡುಗಿ ಎದ್ದು ನಿಂತಳು. ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳು. 'ಈ ಕೆಲಸ ಬಿಡಲು ಕಾರಣ: ಬಾಸ್ ಗೊರಕೆ' ಎಂದು ಎಲ್ಲರಿಗೂ ಕಾಣುವಂತೆ ಬಂದಿತ್ತು. ಕೊನೆಗೆ ಬಾಸ್ ಕೋಣೆಯ ಬಾಗಿಲೇ ತೆರೆಯಿತು. ಮುಚ್ಚಿದ ಬಾಗಿಲ ಹಿಂದೆ ಅವರು ಕಂಪ್ಯೂಟರ್ ಆಟದ ರಾಜಕುಮಾರಿಗೆ ಗುಲಾಬಿ ಗೌನು ತೊಡಿಸುತ್ತಿದ್ದುದೂ ಸಿಕ್ಕಿಬಿದ್ದಿತ್ತು.

"ಇದು ಯಾರ ಕೆಲಸ ಅಂತ ಗೊತ್ತಾಗ್ಲಿ, ಚರ್ಮ ಸುಲೀತೀನಿ!" ಎಂದು ಗುಡುಗಿದರು.

ಥ್ಯಾಂಕ್ಸಣ್ಣ ಮೆಲ್ಲಗೆ ತನ್ನ ಪರದೆಗೆ ಅಡ್ಡ ನಿಂತ. "ವೈ... ವೈರಸ್ ಇರ್ಬೇಕು ಸಾರ್."

"ಹೇಗಾದ್ರೂ ಓಡಿಸಪ್ಪ! ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ," ಎಂದು ಅಕ್ಕ ಅವನ ಕೈ ಹಿಡಿದುಕೊಂಡಳು.

ಕೊಕ್ಕೆಯನ್ನು ಲಾಂಡ್ರಿ ಪುಟಕ್ಕೆ ಮಾತ್ರ ಸೀಮಿತಗೊಳಿಸಿದ. ಒಂದೇ ಒತ್ತು, ಉಳಿದ ಕಿಟಕಿಗಳೆಲ್ಲ ಮಾಯ. ತಾನೇ ಹಚ್ಚಿದ ಬೆಂಕಿ ಆರಿಸಿದ್ದಕ್ಕೆ ಅವನಿಗೆ ಸಿಕ್ಕ ಹೊಗಳಿಕೆ ಅಷ್ಟಿಷ್ಟಲ್ಲ. ಬಾಸ್ ತಾವೇ ಚಹಾ ತಂದುಕೊಟ್ಟರು. ಅವನಿಗೂ ಕಣ್ಣು ತುಂಬಿ ಬಂತು. ಎಷ್ಟು ಒಳ್ಳೆಯ ಜನ!

ಮಧ್ಯಾಹ್ನ ಕೊಕ್ಕೆ ತಪ್ಪನ್ನು ಹಿಡಿದುಕೊಟ್ಟಿತು. ತಾರೀಖು ಬರೆಯುವ ಕಡೆ ಒಂದು ದಿನ ಕಳೆಯುವ ತುಣುಕು ಸೇರಿಕೊಂಡಿತ್ತು. ಅದನ್ನು ಕಿತ್ತೆಸೆದ. ಲಾಂಡ್ರಿ ಯಜಮಾನರು ಓಡಿಬಂದು ಅಪ್ಪಿಕೊಂಡು, "ಇನ್ನು ನಿಮ್ಮ ಅಂಗಿಗಳ ಇಸ್ತ್ರಿ ನನ್ನ ಜವಾಬ್ದಾರಿ," ಎಂದರು.

ಸಂಜೆ ಬಾಸ್ ಎಲ್ಲರನ್ನೂ ಕರೆದರು. "ಇವನ ರಜೆಗೆ ಈಗಷ್ಟೇ ಒಪ್ಪಿಗೆ ಕೊಟ್ಟೆ. ಆಮೇಲೆ ತಾರೀಖು ನೋಡ್ತೀನಿ, ಇವತ್ತಿಂದು! ರಜೆ ಹಾಕ್ಕೊಂಡೂ ಬಂದು ದುಡಿದಿದ್ದಾನೆ! ಇಂಥ ನಿಯತ್ತು ಎಲ್ಲಿ ಸಿಗುತ್ತೆ?"

ಚಪ್ಪಾಳೆ ಬಿತ್ತು. ಥ್ಯಾಂಕ್ಸಣ್ಣ ಬಾಸ್ ಪರದೆಗೆ ಇಣುಕಿದ.

"ಸಾರ್, ನಾನು ಹಾಕಿದ್ದು ನಾಳೆಗೆ! ರಜೆ ಪುಟಾನೂ ಆ ಲಾಂಡ್ರಿ ಪುಟ ಬರೆದವನೇ ಬರೆದದ್ದು. ಅದೂ ಒಂದು ದಿನ ಹಿಂದಕ್ಕೆ ತಳ್ಳಿದೆ!"

"ಇಷ್ಟು ದಿನ ಯಾರಿಗೂ ಗೊತ್ತಾಗ್ಲಿಲ್ವಲ್ಲ?"

"ನೀವು ಯಾರಿಗೆ ರಜೆ ಕೊಟ್ಟಿದ್ರಿ, ಗೊತ್ತಾಗೋಕೆ?" ಎಂದಳು ಅಕ್ಕ.

ಬಾಸ್ ಪರದೆ ನೋಡಿ ಲೊಚಗುಟ್ಟಿದರು. "ನಿನ್ನ ರಜೆ ಮುಗೀತು ಅಂತಿದೆ ಕಣಯ್ಯ. ಇನ್ನೊಂದು ಕೊಡೋಕೆ ಪುಟ ಬಿಡ್ತಿಲ್ಲ. ಇದನ್ನ ಬಿಚ್ಚೋಕೆ ನಿನ್ನ ಬಿಟ್ರೆ ಯಾರಿದ್ದಾರೆ? ಚಿಂತೆ ಬಿಡು, ನಾನಿದ್ದೀನಿ. ನಾಳೆ ಬೆಳಿಗ್ಗೆ ಬಂದು ಕೊಕ್ಕೆ ಹಾಕಿ ಸರಿ ಮಾಡು. ಸಂಜೆ ಎಷ್ಟೊತ್ತಿಗೆ ಮುಗಿದ್ರೂ ಸರಿ, ನಾಳೆ ತಾರೀಖಿಗೇ ರಜೆ ಹಾಕ್ಕೋ. ತಕ್ಷಣ ಒಪ್ಪಿಗೆ ಕೊಡ್ತೀನಿ!"

ಥ್ಯಾಂಕ್ಸಣ್ಣನ ಕಣ್ಣೆದುರು ವೇದಿಕೆಯ ಮೇಲೆ ಒಂದು ಪುಟ್ಟ ಮರ ಗಡಗಡ ಅಲ್ಲಾಡಿತು. ಹೇಳಬೇಕಾದ್ದು ಬಹಳ ಇತ್ತು. ಬಾಯಿ ತೆರೆದ.

"ಥ್ಯಾಂಕ್ಸ್ ಸಾರ್," ಎಂದ.