ತೀರ್ಥಪ್ಪ ಉಳಿಸಿದ ಮಣ್ಣು

ಎಲ್ಲಕ್ಕೂ ಕಾರಣ ಒಂದು ಹೆಗ್ಗಣ. ತೀರ್ಥಪ್ಪನ ಹೊಸ ಬದುವಿನಲ್ಲಿ ಅದು ಬಿಲ ತೋಡಿತ್ತು.

ದೇವನೂರಿನ ಇಳಿಜಾರಿನಲ್ಲಿ ತೀರ್ಥಪ್ಪನದು ಎರಡೆಕರೆ ಹೊಲ. ಏಳು ವರ್ಷ ಸಗಣಿ, ಸೊಪ್ಪು, ಎರೆಗೊಬ್ಬರ ಹಾಕಿ ಮಣ್ಣನ್ನು ಹದ ಮಾಡಿದ್ದ. ಪ್ರತಿ ಮುಂಗಾರಿಗೂ ಅದರ ಮೇಲ್ಪದರ ಕೊಚ್ಚಿಕೊಂಡು ಕೆಳಗಿನ ಸೋಮಶೇಖರಪ್ಪನ ಹೊಲ ಸೇರುತ್ತಿತ್ತು. ಕೂಲಿಯಾಳು ಸಿಗಲಿಲ್ಲ. ಕೊನೆಗೆ ಅವನೂ ಹೆಂಡತಿ ಮಲ್ಲಿಕಾಂಬಳೂ ತಿಂಗಳಿಡೀ ಮಣ್ಣು ಹೊತ್ತು ಕೆಳಗಿನ ಅಂಚಿಗೆ ಬದು ಕಟ್ಟಿದ್ದರು.

ಸಾವಯವ ಪ್ರಮಾಣಪತ್ರದ ತಪಾಸಣೆಗೆ ಮೇಡಂ ಬರುವ ದಿನವೇ ಬೆಳಿಗ್ಗೆ ಜಡಿಮಳೆ ಹಿಡಿಯಿತು. ಹೆಗ್ಗಣದ ಬಿಲಕ್ಕೆ ನೀರು ನುಗ್ಗಿ ಬದು ಬಾಯಿಬಿಟ್ಟಿತು.

ಸೋಮಶೇಖರಪ್ಪ ಕೊಡೆ ಹಿಡಿದು ಓಡಿಬಂದರು. "ಲೇ ತೀರ್ಥಪ್ಪ, ಒಂದೇ ಸಲ ನುಗ್ಗಿದ್ರೆ ನನ್ನ ರಾಗಿ ಪೈರು ಹೋಯ್ತು ಕಣೋ! ಈಗ್ಲೇ ನಿಧಾನಕ್ಕೆ ಒಡೆದುಬಿಡು!"

"ಏಳು ವರ್ಷ ನನ್ನ ಮಣ್ಣು ನೀವೇ ಉಂಡ್ರಲ್ಲಣ್ಣಾ. ಈ ಸಲ ನಂಗೆ ಬಿಡಿ."

ಮೇಲಿನ ಹೊಲದ ಕರಿಯಪ್ಪ ಅಲ್ಲಿಂದಲೇ ಕೂಗಿದ. "ತೀರ್ಥಣ್ಣಾ, ನೀನೇ ಅಡ್ಡ ಕೂತ್ಕೊಂಡ್ಬಿಡು!"

ಬೇರೆ ದಾರಿ ಕಾಣದೆ ತೀರ್ಥಪ್ಪ ಬಾಟಲಿಯ ಬಿರಡೆಯಂತೆ ಬಿರುಕಿನಲ್ಲಿ ಕೂತ. ಮಲ್ಲಿಕಾಂಬ ಅವನ ಸುತ್ತ ಹೊಂಗೆಸೊಪ್ಪು, ಮಣ್ಣು ತುಂಬಿದ ಚೀಲ ಒಟ್ಟಿದಳು. ಸೋಮಶೇಖರಪ್ಪನವರೂ ಮನಸ್ಸು ಕರಗಿ ಕೊಡೆ ಹಿಡಿದರು, ಬದುವಿನ ಮೇಲೆ. ಒಂದೂವರೆ ಗಂಟೆಯ ಮೇಲೆ ಮಳೆ ನಿಂತಿತು. ಬದು ನಿಂತಿತ್ತು. ಅದರ ಹಿಂದೆ ಗೇಣುದ್ದ ಮೆಕ್ಕಲು ಮಣ್ಣು ಕೂತಿತ್ತು.

ತೀರ್ಥಪ್ಪ ಒಂದು ಹಿಡಿ ಎತ್ತಿಕೊಂಡ. ಕಣ್ಣು ತುಂಬಿತು. "ನಮ್ದು ಎಲ್ಲೂ ಹೋಗ್ಲಿಲ್ಲ ಕಣೇ."

ಮಧ್ಯಾಹ್ನ ತಪಾಸಣೆಯ ಸಂಘಮಿತ್ರಾ ಬಂದರು. ಬದು ನೋಡಿ ತುಂಬ ಹೊಗಳಿ, ಪರೀಕ್ಷೆಗೆಂದು ಅಲ್ಲಿಂದಲೇ ಮಣ್ಣು ತೆಗೆದರು. ಅಂಗೈಯಲ್ಲಿ ಬೂದು ಬಣ್ಣದ ಕಾಳುಗಳು ಉಳಿದವು.

"ತೀರ್ಥಪ್ಪನವರೇ, ಇದು ಡಿಎಪಿ ಗೊಬ್ಬರ ಅಲ್ವಾ?"

"ನಾನು ಒಂದು ಕಾಳೂ ಹಾಕಿಲ್ಲ ಮೇಡಂ!"

ಕರಿಯಪ್ಪ ಸಂತೋಷದಿಂದ ಓಡಿಬಂದ. "ಅದು ನಂದು ಮೇಡಂ! ಬೆಳಿಗ್ಗೆ ಜೋಳಕ್ಕೆ ಎರಚಿದ್ದೆ. ಪೂರಾ ತೊಳ್ಕೊಂಡು ಹೋಯ್ತು ಅಂತ ಹೊಟ್ಟೆ ಉರೀತಿತ್ತು. ತೀರ್ಥಣ್ಣ ತಡ್ದು ಉಳಿಸ್ಬಿಟ್ಟಿದಾನೆ!"

ಸಂಘಮಿತ್ರಾ ನಿಟ್ಟುಸಿರು ಬಿಟ್ಟರು. "ನಿಮ್ಮ ತಪ್ಪಿಲ್ಲ, ಒಪ್ತೀನಿ. ಆದ್ರೆ ಹೊಲದಲ್ಲಿ ರಾಸಾಯನಿಕ ಸಿಕ್ಕಿದೆ, ಈ ವರ್ಷ ಪ್ರಮಾಣಪತ್ರ ಕೊಡಕ್ಕಾಗಲ್ಲ. ಮೇಲ್ಗಡೆ ಅಂಚಿಗೂ ಬದು ಹಾಕ್ಬೇಕಿತ್ತು."

ಮಲ್ಲಿಕಾಂಬ ಮೇಲಿನ ಅಂಚನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದಳು. ತೀರ್ಥಪ್ಪ ಕೆಸರಿನಲ್ಲೇ ಕುಸಿದು ಕೂತ.

ಸ್ವಲ್ಪ ಹೊತ್ತಿಗೆ ಕರಿಯಪ್ಪ ಬುಟ್ಟಿ, ಸನಿಕೆ ಹಿಡಿದು ಬಂದ.

"ತೀರ್ಥಣ್ಣಾ, ಬೇಜಾರು ಮಾಡ್ಕೋಬೇಡ. ಆ ಮಣ್ಣು ನಿಂಗೆ ಇನ್ನು ಬೇಕಾಗಲ್ಲ. ನಾನು ತುಂಬ್ಕೊಂಡು ಹೋಗ್ಲಾ?"